ಮದುವೆ ನಿಲ್ಲಿಸಿದ ಮೇಲೆ ಆ ಹುಡುಗಿಯ ಮನೆಗೆ ಯಾರು ಹೋಗುತ್ತಾರೆ?

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,

ನಮಸ್ಕಾರಗಳು.

ನಾನು ಉತ್ತರ ಕರ್ನಾಟಕದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಯಿತು. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಈ ಪತ್ರದಲ್ಲಿ ಬರುವ ಹುಡುಗಿ ಯಾರು ಅಂತ ಸುತ್ತಲಿನ ಹತ್ತು ಊರಿಗೆ ಗೊತ್ತಾಗುತ್ತದೆ. ಅವಳು ಈಗಾಗಲೇ ಅನುಭವಿಸಿದ್ದು ಸಾಕು.

ಬಾಲ್ಯವಿವಾಹದ ಸುದ್ದಿ ಬಂದಾಗಲೆಲ್ಲ ಒಂದು ಮಾತು ಕೇಳುತ್ತೇವೆ: ಕಾನೂನು ಇನ್ನೂ ಬಿಗಿಯಾಗಬೇಕು, ಶಿಕ್ಷೆ ಜಾಸ್ತಿ ಮಾಡಬೇಕು. ಕಾನೂನು ಮಾಡುವವರು ನೀವು. ಆ ಕಾನೂನು ನಮ್ಮೂರಿಗೆ ಬಂದಾಗ ಏನಾಯಿತು ಅಂತ ಕಣ್ಣಾರೆ ಕಂಡವಳು ನಾನು. ಅದನ್ನು ನಿಮ್ಮ ಮುಂದೆ ಇಡಬೇಕು ಅನ್ನಿಸಿತು.

ಅವಳು ಆಗ ಒಂಬತ್ತನೇ ತರಗತಿ. ಪದ್ಯವನ್ನು ರಾಗವಾಗಿ ಓದುವ ಹುಡುಗಿ. ಏಪ್ರಿಲ್ ತಿಂಗಳು, ಪರೀಕ್ಷೆ ಮುಗಿದಿತ್ತು. ಅವಳ ಅಕ್ಕನ ಮದುವೆ ಕಾರ್ಡ್ ನನಗೂ ಬಂತು. ಅಕ್ಕನಿಗೆ ಇಪ್ಪತ್ತು ವರ್ಷ, ತಪ್ಪೇನೂ ಇರಲಿಲ್ಲ. ಮದುವೆಗೆ ಎರಡು ದಿನ ಇದ್ದಾಗ ಅವಳ ಗೆಳತಿಯೊಬ್ಬಳು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಚಪ್ಪಲಿ ಕೂಡ ಬಿಡಲಿಲ್ಲ. "ಮೇಡಂ, ಅದೇ ಹಂದರದಾಗ ಅಕೀದೂ ಮಾಡ್ತಾರ್ರೀ" ಅಂದು ಓಡಿಹೋದಳು.

ನಮ್ಮ ಕಡೆ ಇದು ಹೊಸದಲ್ಲ. ಹಂದರ, ಅಡಿಗೆ, ಬಾಜಾಬಜಂತ್ರಿ, ಬೀಗರ ಬಟ್ಟೆ, ಎಲ್ಲದಕ್ಕೂ ಒಂದೇ ಖರ್ಚು. ದೊಡ್ಡವಳ ಮದುವೆಯಲ್ಲೇ ಚಿಕ್ಕವಳದ್ದೂ ಮುಗಿಸಿದರೆ ಇನ್ನೊಂದು ಸಾಲ ತಪ್ಪುತ್ತದೆ. ಕಾರ್ಡಿನಲ್ಲಿ ದೊಡ್ಡವಳ ಹೆಸರು ಮಾತ್ರ ಇರುತ್ತದೆ. ಚಿಕ್ಕವಳ ಮದುವೆಗೆ ಕಾಗದದ ಗುರುತೇ ಇರುವುದಿಲ್ಲ.

ನಾನು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮದುವೆ ದಿನ ಬೆಳಗ್ಗೆ ಎರಡು ಜೀಪು ಬಂದವು. ಅಧಿಕಾರಿಗಳು ಒಳ್ಳೆಯ ಮಾತಿನಲ್ಲೇ ಮಾತಾಡಿದರು, ಅದನ್ನು ಹೇಳಲೇಬೇಕು. ಶಾಲೆ ದಾಖಲೆ ನೋಡಿದರು. ಹುಡುಗಿಗೆ ಹದಿನೈದು ತುಂಬಿರಲಿಲ್ಲ. ಬಜಂತ್ರಿ ನಿಂತಿತು. "ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ" ಅಂತ ಮುಚ್ಚಳಿಕೆ ಬರೆಸಿದರು. ಅಪ್ಪ ಸಹಿ ಮಾಡಿದ. ಅವ್ವ ಹೆಬ್ಬೆಟ್ಟು ಒತ್ತಿದಳು. ಆ ಬೆರಳಿಗೆ ಅರಿಶಿನ ಹತ್ತಿತ್ತು. ಕಾಗದದ ಮೇಲೆ ನೀಲಿ ಶಾಯಿಯ ಪಕ್ಕ ಒಂದು ಹಳದಿ ಕಲೆ ಬಿತ್ತು. ಆಮೇಲೆ ದೊಡ್ಡವಳಿಗೆ ಅಕ್ಷತೆ ಬಿತ್ತು. ಚಿಕ್ಕವಳು ದಂಡೆ ಕಟ್ಟಿದ್ದ ಹಣೆಯಲ್ಲೇ ಒಂದು ಮೂಲೆಯಲ್ಲಿ ಕುಳಿತಿದ್ದಳು. ಅವಳ ಪಕ್ಕ ಯಾರೂ ಕುಳಿತಿರಲಿಲ್ಲ.

ಬಾಲ್ಯವಿವಾಹ ತಡೆದ ಸುದ್ದಿ ಮರುದಿನ ಪೇಪರಿನಲ್ಲಿ ಫೋಟೋ ಸಮೇತ ಬಂತು. ಓದಿ ನನಗೂ ಖುಷಿಯಾಯಿತು. ನನ್ನ ಕೆಲಸ ಮುಗಿಯಿತು ಅಂದುಕೊಂಡು ರಜೆಗೆ ತವರಿಗೆ ಹೋದೆ. ಇದು ನನ್ನ ತಪ್ಪು, ಇವತ್ತಿಗೂ ಮನಸ್ಸಿನಲ್ಲಿ ಕುಟುಕುತ್ತದೆ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಅವಳು ಬರಲಿಲ್ಲ. ಜೀಪು ಬಂದುಹೋದ ಇಪ್ಪತ್ತೆರಡನೇ ದಿನಕ್ಕೆ ಗಡಿಯಾಚೆ ಮಹಾರಾಷ್ಟ್ರದ ಒಂದು ಗುಡಿಯಲ್ಲಿ ನಸುಕಿನಲ್ಲೇ ತಾಳಿ ಕಟ್ಟಿಸಿದ್ದರು. ಹಂದರ ಇಲ್ಲ, ಕಾರ್ಡ್ ಇಲ್ಲ, ಹನ್ನೆರಡು ಜನ ಅಷ್ಟೇ. ಆ ಇಪ್ಪತ್ತೆರಡು ದಿನದಲ್ಲಿ ಆ ಮನೆಗೆ ಒಬ್ಬರೂ ಹೋಗಿರಲಿಲ್ಲ. ನಾನೂ ಹೋಗಿರಲಿಲ್ಲ.

ಅವಳ ಅವ್ವನನ್ನು ಕೇಳಿದೆ. ಸಿಟ್ಟಿನಲ್ಲೇ ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ದೀಪಾವಳಿ ಆದಮ್ಯಾಲ ನಾವು ಕಬ್ಬು ಕಡಿಯಾಕ ಹೋಗ್ತೀವಿ. ದೊಡ್ಡಾಕಿ ಇದ್ಲು, ಜೋಡಿ ಇರ್ತಿದ್ರು. ಈಗ ಒಬ್ಬಾಕಿನ್ನ ಯಾರ ಮನ್ಯಾಗ ಬಿಡ್ಲಿ? ನೀವ್ ಇಟ್ಕೋತೀರೇನ್ರೀ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಾನ್ಯ ಸದಸ್ಯರೇ, ನಮ್ಮ ಕಾನೂನಿನಲ್ಲೂ ಆ ಪ್ರಶ್ನೆಗೆ ಉತ್ತರ ಇಲ್ಲ.

ನಾನು ಕಾನೂನಿನ ವಿರೋಧಿ ಅಂತ ದಯವಿಟ್ಟು ತಿಳಿಯಬೇಡಿ. ಆ ಕಾಯ್ದೆ ಇಲ್ಲದಿದ್ದರೆ ನಾನು ಫೋನ್ ಮಾಡುವುದಕ್ಕೂ ಆಗುತ್ತಿರಲಿಲ್ಲ. "ನಮ್ಮ ಮಗಳು, ನಮ್ಮಿಷ್ಟ" ಅಂತ ಬಾಯಿ ಮುಚ್ಚಿಸುತ್ತಿದ್ದರು. ತಾವೇ 1098ಕ್ಕೆ ಫೋನ್ ಮಾಡಿ ತಮ್ಮ ಮದುವೆ ನಿಲ್ಲಿಸಿಕೊಂಡ ಹುಡುಗಿಯರು ನಮ್ಮ ರಾಜ್ಯದಲ್ಲಿದ್ದಾರೆ. ಅವರ ಬೆನ್ನಿಗೆ ನಿಂತಿರುವುದು ಈ ಕಾನೂನೇ. ಅದು ಇರಲೇಬೇಕು. ಅದು ಎಲ್ಲಿಗೆ ಬಂದು ನಿಂತುಬಿಡುತ್ತದೆ ಅನ್ನುವುದು ನನ್ನ ಮಾತು.

ಕಾನೂನು ನಮಗೆ ಹೊಸದೇನಲ್ಲ. 1894ರಲ್ಲೇ ಮೈಸೂರು ಸಂಸ್ಥಾನ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತು. ಐವತ್ತು ದಾಟಿದ ಗಂಡಸರು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ತಡೆದಿತ್ತು. 1929ರಲ್ಲಿ ಶಾರದಾ ಕಾಯ್ದೆ ಬಂತು, ಹುಡುಗಿಗೆ 14 ಅಂದಿತು. ಅದು ಜಾರಿಯಾಗಿದ್ದು 1930ರ ಏಪ್ರಿಲ್ 1ಕ್ಕೆ. ನಡುವೆ ಸಿಕ್ಕ ತಿಂಗಳುಗಳಲ್ಲಿ ದೇಶದ ತುಂಬ ಜನ ಅವಸರ ಅವಸರವಾಗಿ ಚಿಕ್ಕ ಮಕ್ಕಳ ಮದುವೆ ಮಾಡಿ ಮುಗಿಸಿದರು. ಅಂದರೆ ಕಾಯ್ದೆಗೆ ಹೆದರಿದವರು ಮದುವೆಯನ್ನು ಬಿಡಲಿಲ್ಲ, ಬೇಗ ಮಾಡಿದರು. 1978ರಲ್ಲಿ ವಯಸ್ಸು 18 ಮತ್ತು 21 ಆಯಿತು. ಈಗಿರುವ 2006ರ ಕಾಯ್ದೆ 2007ರ ನವೆಂಬರ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ. ನಮ್ಮ ರಾಜ್ಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತ್ತು. ಮುಂದೆ ಇದೇ ಸದನ ತಿದ್ದುಪಡಿ ತಂದಿತು, 2017ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆಯೂ ಸಿಕ್ಕಿತು. ಈಗ ಕರ್ನಾಟಕದಲ್ಲಿ ಬಾಲ್ಯವಿವಾಹ ಹುಟ್ಟುವಾಗಲೇ ಅಸಿಂಧು. ಶಿಕ್ಷೆಯೂ ಒಂದು ವರ್ಷಕ್ಕಿಂತ ಕಡಿಮೆ ಇರುವ ಹಾಗಿಲ್ಲ.

ಇಷ್ಟೆಲ್ಲ ಇದ್ದೂ ಏನಾಗಿದೆ ನೋಡಿ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 20ರಿಂದ 24 ವಯಸ್ಸಿನ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಹದಿನೆಂಟಕ್ಕೆ ಮೊದಲೇ ಮದುವೆಯಾದವರು ಶೇ 21.4. 2019-21ರ ಸಮೀಕ್ಷೆಯಲ್ಲಿ ಶೇ 21.3. ಐದರಲ್ಲಿ ಒಬ್ಬಳಿಗಿಂತ ಜಾಸ್ತಿ. ಈ ಲೆಕ್ಕದಲ್ಲಿರುವ ತುಂಬಾ ಜನರ ಮದುವೆ 2017ಕ್ಕಿಂತ ಮೊದಲೇ ಆಗಿರುತ್ತದೆ, ಹಾಗಾಗಿ ತಿದ್ದುಪಡಿ ಸೋತಿತು ಅಂತ ಇದರ ಮೇಲೆ ಹೇಳೋಕಾಗಲ್ಲ. ಆದರೆ 2006ರ ಕಾಯ್ದೆ ಇದ್ದಾಗಲೂ ಈ ಎರಡು ಸಮೀಕ್ಷೆಗಳ ನಡುವೆ ಸಂಖ್ಯೆ ಅಲುಗದೆ ನಿಂತಿತ್ತು ಅನ್ನುವುದಂತೂ ನಿಜ ಅಲ್ವಾ?

ನನ್ನ ಅಜ್ಜಿಗೆ ಹನ್ನೊಂದಕ್ಕೆ ಮದುವೆಯಾಯಿತು. ಅವ್ವನಿಗೆ ಹದಿನಾರಕ್ಕೆ. ನನಗೆ ಇಪ್ಪತ್ತನಾಲ್ಕಕ್ಕೆ. ನಮ್ಮ ಮನೆಯಲ್ಲಿ ಯಾರೂ ಕಾಯ್ದೆಯ ಪುಸ್ತಕ ಓದಿದವರಲ್ಲ. ಅಜ್ಜಿಯ ಊರಿನಲ್ಲಿ ಶಾಲೆ ಇರಲಿಲ್ಲ. ಅವ್ವನ ಊರಿನಲ್ಲಿ ಏಳನೇ ತರಗತಿ ತನಕ ಇತ್ತು. ನನ್ನ ಕಾಲಕ್ಕೆ ಬೆಳಗ್ಗೆ ಏಳೂವರೆಗೆ ಊರ ಮುಂದಿನ ಬೇವಿನ ಮರದ ಹತ್ತಿರ ಒಂದು ಕೆಂಪು ಬಸ್ಸು ಬಂದು ನಿಲ್ಲುತ್ತಿತ್ತು. ಅದು ತಾಲ್ಲೂಕಿನ ಕಾಲೇಜಿನ ಮುಂದೆಯೇ ಹೋಗುತ್ತಿತ್ತು. ಕಾಲೇಜಿಗೆ ಹೋಗುವ ಹುಡುಗಿಗೆ ಯಾಕೆ ಇನ್ನೂ ಮದುವೆಯಿಲ್ಲ ಅಂತ ಯಾರೂ ಕೇಳಲಿಲ್ಲ. ಓದುತ್ತಿದ್ದಾಳೆ ಅನ್ನುವುದೇ ಸಾಕಾಗಿತ್ತು. ಅಪ್ಪನಿಗೂ ಜನರ ಮುಂದೆ ಹೇಳೋಕೆ ಒಂದು ಮಾತು ಸಿಕ್ಕಿತ್ತು.

ಈ ಮಾತು ಹಳ್ಳಿಯಲ್ಲಿ ತುಂಬಾ ದೊಡ್ಡದು. ಶಾಲೆ ಬಿಟ್ಟು ಮನೆಯಲ್ಲಿ ಕೂತ ಹದಿನೈದರ ಹುಡುಗಿಯ ಬಗ್ಗೆ ಅಪ್ಪ ಅವ್ವನ ಹತ್ತಿರ ಹೇಳಲು ಏನೂ ಇರುವುದಿಲ್ಲ. ಸುಮ್ನೆ ಯಾಕೆ ಮನೆಯಲ್ಲಿ ಇಟ್ಟುಕೊಂಡಿದ್ದೀರಿ ಅಂತ ಬೀಗರು, ನೆರೆಯವರು ಕೇಳುತ್ತಲೇ ಇರುತ್ತಾರೆ. ಯಾವನ ಜೊತೆಗಾದರೂ ಓಡಿಹೋದರೆ ಅನ್ನುವ ಹೆದರಿಕೆ ಬೇರೆ. ಸೋದರಮಾವ ತಯಾರಿದ್ದಾನೆ, ವರದಕ್ಷಿಣೆ ಕಡಿಮೆಗೆ ಮುಗಿಯುತ್ತದೆ. ವಯಸ್ಸಾದಷ್ಟೂ ಕೇಳುವ ದುಡ್ಡು ಏರುತ್ತದೆ. ವರದಕ್ಷಿಣೆ ನಿಷೇಧ ಕಾಯ್ದೆ 1961ರಿಂದಲೇ ಇದೆ, ಆದರೆ ಮಾತುಕತೆಗೆ ಕೂತಾಗ ಅದನ್ನು ನೆನೆಸುವವರು ಯಾರೂ ಇಲ್ಲ.

ಇಲ್ಲಿ ನಿಮ್ಮ ಗಮನ ಒಂದು ಕಡೆ ಬೇಕು. ಕಡ್ಡಾಯ ಮತ್ತು ಉಚಿತ ಶಿಕ್ಷಣದ ಹಕ್ಕು 6ರಿಂದ 14 ವರ್ಷದ ಮಕ್ಕಳಿಗೆ. ಮದುವೆಗೆ 18 ಆಗಬೇಕು. ನಡುವಿನ ನಾಲ್ಕು ವರ್ಷ ಹುಡುಗಿ ಎಲ್ಲಿರಬೇಕು? ಮದುವೆ ಆಗಬೇಡ ಅಂತ ಒಂದು ಕಾಯ್ದೆ ಹೇಳುತ್ತದೆ. ಇಲ್ಲಿ ಬಾ, ಇಲ್ಲಿ ಓದು, ಇಲ್ಲಿ ಇರು ಅಂತ ಹೇಳುವ ಕಾಯ್ದೆ ಒಂದೂ ಇಲ್ಲ. ನಾನು ಹತ್ತೊಂಬತ್ತು ವರ್ಷದಲ್ಲಿ ಕಳೆದುಕೊಂಡ ಹುಡುಗಿಯರೆಲ್ಲ ಈ ನಾಲ್ಕು ವರ್ಷದ ನಡುವೆಯೇ ಹೋದರು. ಎಂಟನೇ ತರಗತಿ ಮುಗಿದ ಮೇಲೆ ಕೆಲವರು, ಎಸ್ಸೆಸ್ಸೆಲ್ಸಿ ಫೇಲಾದ ಮೇಲೆ ತುಂಬಾ ಜನ. ಒಂದು ಗಣಿತದಲ್ಲಿ ಫೇಲಾದರೆ ಸಾಕು, ಮೇ ತಿಂಗಳಲ್ಲೇ ಅಕ್ಷತೆ ಬೀಳುತ್ತದೆ. ಪಾಸಾದವರಿಗೂ ಪಿಯು ಕಾಲೇಜು ದೂರ.

ಸರ್ಕಾರ ಏನೂ ಮಾಡಿಲ್ಲ ಅಂತ ನಾನು ಹೇಳುವುದಿಲ್ಲ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುವಾದಾಗ ನಮ್ಮ ಶಾಲೆಯ ಮುಂದೆ ಸೈಕಲ್ ಸಾಲು ನೋಡುವುದೇ ಒಂದು ಸಂತೋಷವಾಗಿತ್ತು. ಆಚೆ ತಾಂಡಾದಿಂದ ಹುಡುಗಿಯರು ಗುಂಪು ಕಟ್ಟಿಕೊಂಡು ಬರುತ್ತಿದ್ದರು. ಕೊರೊನಾ ಬಂದಾಗ ಅದು ನಿಂತಿತು. ಸೈಕಲ್ ಶುರುವಾದ ಹೊತ್ತಿಗೇ ಬಂದ, ಹೆಣ್ಣುಮಗುವಿಗೆ ಹದಿನೆಂಟು ತುಂಬಿದ ಮೇಲೆ ದುಡ್ಡು ಕೊಡುವ ಭಾಗ್ಯಲಕ್ಷ್ಮಿ ಬಾಂಡ್‌ನಿಂದ ಹದಿನೆಂಟರ ತನಕ ಕಾದ ಅಪ್ಪ ಅವ್ವಂದಿರನ್ನೂ ನೋಡಿದ್ದೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಹುಡುಗಿಯರ ಟಿಕೆಟ್ ದುಡ್ಡು ಉಳಿಯಿತು, ಬಹಳ ಒಳ್ಳೆಯದಾಯಿತು. ಆದರೆ ಕಾಲೇಜಿನ ಹೊತ್ತಿಗೆ ಬಸ್ಸೇ ಇಲ್ಲದ ಊರಿನಲ್ಲಿ ಉಚಿತ ಟಿಕೆಟ್‌ನಿಂದ ಏನು ಮಾಡೋದು?

ಈಗ ಆ ಹುಡುಗಿಯ ಕಥೆಯ ಉಳಿದ ಭಾಗ ಹೇಳಬೇಕು. ಶಿಕ್ಷೆ ಜಾಸ್ತಿ ಮಾಡಿ ಅನ್ನುವವರು ಇದನ್ನು ಕೇಳಲೇಬೇಕು.

ಹದಿನಾರಕ್ಕೆ ಅವಳು ಬಸುರಿಯಾದಳು. ಏಳು ತಿಂಗಳ ತನಕ ಯಾವ ಆಸ್ಪತ್ರೆಗೂ ಕರೆದುಕೊಂಡು ಹೋಗಲಿಲ್ಲ. ಆಧಾರ್ ತೋರಿಸಿದರೆ ವಯಸ್ಸು ಗೊತ್ತಾಗುತ್ತದೆ, ಕೇಸಾಗುತ್ತದೆ ಅನ್ನುವ ಹೆದರಿಕೆ. ಕಬ್ಬಿಣದ ಮಾತ್ರೆ ಇಲ್ಲ, ರಕ್ತ ಪರೀಕ್ಷೆ ಇಲ್ಲ. ಕೊನೆಗೆ ಕಾಲು ಬಾತು, ಕಣ್ಣು ಮಂಜಾಗಿ, ಜೀವಕ್ಕೇ ಬಂದಾಗ ಆಸ್ಪತ್ರೆಗೆ ಸೇರಿಸಿದರು. ದೇವರ ದಯೆ, ತಾಯಿ ಮಗು ಉಳಿದರು. ವೈದ್ಯರು ಪೊಲೀಸರಿಗೆ ತಿಳಿಸಿದರು. ತಿಳಿಸಲೇಬೇಕು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಹಾಗೇ ಇದೆ. ಹದಿನೆಂಟರೊಳಗಿನ ಹೆಂಡತಿಯ ವಿಷಯದಲ್ಲೂ ಗಂಡನಿಗೆ ವಿನಾಯಿತಿ ಇಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಆ ತೀರ್ಪು ಸರಿ ಅಂತಲೇ ನಾನು ನಂಬಿದ್ದೇನೆ. ಗಂಡ ಜೈಲಿಗೆ ಹೋದ. "ನಿನ್ನಿಂದ ನನ್ನ ಮಗ ಒಳಗ ಹೋದ" ಅಂತ ಅತ್ತೆ ಬಾಣಂತಿಯನ್ನು ಹೊರಗೆ ಹಾಕಿದಳು. ಕಾಗದದ ಮೇಲೆ ಅವಳ ಮದುವೆ ಅಸಿಂಧು, ಅಂದರೆ ಅವಳು ಯಾರ ಹೆಂಡತಿಯೂ ಅಲ್ಲ. ಊರಿನವರ ಕಣ್ಣಲ್ಲಿ ಗಂಡನನ್ನು ಜೈಲಿಗೆ ಕಳಿಸಿದವಳು. ಶಾಲೆಯ ದಾಖಲೆಯಲ್ಲಿ ಒಂಬತ್ತನೇ ತರಗತಿಗೆ ಬಿಟ್ಟವಳು.

ಆಗ ನಾನು ನೋಡಲು ಹೋದೆ. ಮಗುವನ್ನು ಹಳೇ ಸೀರೆಯ ಜೋಲಿಯಲ್ಲಿ ಮಲಗಿಸಿ ಕಾಲಿನಿಂದ ತೂಗುತ್ತಿದ್ದಳು, ಕೈಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಅವತ್ತ ಫೋನ್ ಮಾಡಿದ್ದು ನೀವs ಏನ್ರೀ ಮೇಡಂ?" ಹೌದು ಅಂದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. "ಜೀಪ್ ನೋಡಿ ನಾ ಬಾಳ ಖುಷಿಯಾಗಿದ್ನಿರೀ. ಆಮ್ಯಾಲ ಯಾರೂ ಬರ್ಲೇ ಇಲ್ಲ" ಅಂದಳು.

ಈ ಪತ್ರ ಬರೆಯುತ್ತಿರುವುದು ಆ ಒಂದು ಮಾತಿಗಾಗಿ.

ಶಿಕ್ಷೆ ಏರಿಸಿದಷ್ಟೂ ಮದುವೆ ಕತ್ತಲೆಗೆ ಸರಿಯುತ್ತದೆ ಅನ್ನುವುದು ನಮ್ಮ ಕಡೆಯ ಅನುಭವ. ಹಂದರದಿಂದ ಗುಡಿಗೆ, ಗುಡಿಯಿಂದ ಪರರಾಜ್ಯಕ್ಕೆ, ಹಗಲಿನಿಂದ ನಸುಕಿಗೆ. ಗೊತ್ತಿದ್ದವರೂ ಹೇಳುವುದಿಲ್ಲ, ಯಾಕೆಂದರೆ ಒಳಗೆ ಹೋಗುವವನು ಸ್ವಂತ ಅಣ್ಣನೋ ಮಾವನೋ ಆಗಿರುತ್ತಾನೆ. 2023ರ ಫೆಬ್ರವರಿಯಲ್ಲಿ ಅಸ್ಸಾಂನಲ್ಲಿ ಬಾಲ್ಯವಿವಾಹದ ಕೇಸುಗಳಲ್ಲಿ ಸಾವಿರಾರು ಜನರನ್ನು ಬಂಧಿಸಿದಾಗ ಠಾಣೆಗಳ ಮುಂದೆ ಬಂದು ಅತ್ತವರು ಹೆಂಗಸರೇ. ಸುಪ್ರೀಂ ಕೋರ್ಟ್ ಕೂಡ 2024ರ ಅಕ್ಟೋಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ತಡೆಯುವುದು ಮತ್ತು ಮಕ್ಕಳನ್ನು ಕಾಪಾಡುವುದು ಮುಖ್ಯ, ಶಿಕ್ಷೆ ಕೊನೆಯ ದಾರಿ ಅಂತ ಹೇಳಿತು. ಇದೊಂದೇ ಕೆಲಸ ಇರುವ ಅಧಿಕಾರಿ ಪ್ರತಿ ಜಿಲ್ಲೆಯಲ್ಲೂ ಇರಬೇಕು ಅಂತಲೂ ಹೇಳಿತು.

ಹಾಗಾಗಿ ನಿಮ್ಮಲ್ಲಿ ನನ್ನ ಬೇಡಿಕೆಗಳಿವು. ಮೊದಲನೆಯದು ತೀರಾ ಚಿಕ್ಕದು. ಒಂದು ಮದುವೆ ನಿಲ್ಲಿಸಿದರೆ ಆ ಹುಡುಗಿಗೆ ಹದಿನೆಂಟು ತುಂಬುವ ತನಕ ತಿಂಗಳಿಗೆ ಒಮ್ಮೆಯಾದರೂ ಒಬ್ಬರು ಅವಳನ್ನು ಮುಖಾಮುಖಿ ನೋಡಿ ಬರಬೇಕು. ಯಾರು ಅನ್ನುವುದು ಹೆಸರು ಸಮೇತ ಆ ಮುಚ್ಚಳಿಕೆಯಲ್ಲೇ ಬರೆದಿರಬೇಕು. ಈಗ ತಹಶೀಲ್ದಾರರಿಂದ ಪಿಡಿಒ ತನಕ ಎಲ್ಲರೂ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ. ಎಲ್ಲರಿಗೂ ಬೇರೆ ಹತ್ತು ಕೆಲಸ ಇವೆ. ಇದು ಯಾರ ಮುಖ್ಯ ಕೆಲಸವೂ ಆಗಿಲ್ಲ. ಜಿಲ್ಲೆಗೊಬ್ಬರು ಸಾಲದು, ಬಾಲ್ಯವಿವಾಹ ಜಾಸ್ತಿ ಇರುವ ಪ್ರತಿ ತಾಲ್ಲೂಕಿಗೂ ಪೂರ್ಣಾವಧಿ ಅಧಿಕಾರಿ ಬೇಕು. ಹೆಣ್ಣುಮಗಳಾದರೆ ಇನ್ನೂ ಒಳ್ಳೆಯದು, ಯಾಕೆಂದರೆ ಅಡಿಗೆಮನೆ ತನಕ ಹೋಗಿ ಮಾತಾಡಬೇಕಾದ ಕೆಲಸ ಇದು.

ಗುಳೆ ಹೋಗುವ ಮನೆಗಳ ಹುಡುಗಿಯರಿಗೆ ಹಾಸ್ಟೆಲ್ ಬೇಕು. ಪಿಯು ಮುಗಿಯುವ ತನಕ, ಜಾತಿ ಪ್ರಮಾಣಪತ್ರ, ಶೇಕಡಾವಾರು ಅಂಕ ಕೇಳದೆ, ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳುವ ಹಾಸ್ಟೆಲ್. ಒಂದು ಹೊಸ ಶಿಕ್ಷೆಯ ಕಲಮಿಗಿಂತ ನೂರು ಹಾಸಿಗೆಯ ಒಂದು ಹಾಸ್ಟೆಲ್ ನಮ್ಮ ತಾಲ್ಲೂಕಿನಲ್ಲಿ ಹೆಚ್ಚು ಮದುವೆ ತಡೆಯುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆ ಅವ್ವನ ಪ್ರಶ್ನೆಗೆ ಅದೊಂದೇ ಉತ್ತರ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿಯರಿಗೆ ಫಲಿತಾಂಶ ಬಂದ ವಾರದಲ್ಲೇ ಶಾಲೆಯಲ್ಲೇ ಪಾಠ ಶುರುವಾಗಬೇಕು. ಸೈಕಲ್ ವಾಪಸ್ ಕೊಡಿ.

ಬಸುರಿ ಹುಡುಗಿ ಆಸ್ಪತ್ರೆ ಬಾಗಿಲಿಗೆ ಹೆದರದೆ ಬರುವ ಹಾಗೆ ಮಾಡಿ. ಕೇಸು ಬೇಡ ಅನ್ನುತ್ತಿಲ್ಲ. ಆದರೆ ಅವಳ ಊಟ, ಔಷಧ, ಇರುವ ಜಾಗ, ಓದು, ಇವುಗಳ ಹೊಣೆ ಹೊತ್ತ ಮೇಲೆ ಕೇಸಿನ ಮಾತು ಬರಲಿ. ಗಂಡನನ್ನು ಕರೆದೊಯ್ದ ಜೀಪು ಅವಳನ್ನು ಬಾಗಿಲಲ್ಲೇ ಬಿಟ್ಟು ಹೋಗಬಾರದು.

ಇನ್ನೊಂದು ಮಾತು, ಸುದ್ದಿ ಕೊಡುವವರ ಬಗ್ಗೆ. ಹಳ್ಳಿಯಲ್ಲಿ ಮೊದಲು ಗೊತ್ತಾಗುವುದು ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ಶಿಕ್ಷಕಿಗೆ. ಅದೇ ಊರಿನಲ್ಲಿ ಬದುಕಬೇಕಾದವರೂ ಅವರೇ. ರಾಜಸ್ಥಾನದಲ್ಲಿ ಹಸುಗೂಸಿನ ಮದುವೆ ತಡೆಯಲು ಹೋದ ಭನ್ವರಿ ದೇವಿಯವರ ಮೇಲೆ 1992ರಲ್ಲಿ ಏನು ನಡೆಯಿತು ಅಂತ ನಿಮಗೆ ಗೊತ್ತಿದೆ. ಅವರ ಪ್ರಕರಣದಿಂದ ದೇಶದ ಹೆಂಗಸರಿಗೆಲ್ಲ 1997ರಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿ ಸಿಕ್ಕಿತು. ಅವರ ಮೇಲೆ ಅತ್ಯಾಚಾರ ಮಾಡಿದ ಆರೋಪದಿಂದ ಆ ಗಂಡಸರನ್ನು ಕೆಳ ನ್ಯಾಯಾಲಯ 1995ರಲ್ಲೇ ಬಿಡುಗಡೆ ಮಾಡಿತ್ತು. ಫೋನ್ ಮಾಡಿದವರ ಹೆಸರು ಜೀಪಿನ ಜೊತೆ ಊರಿಗೆ ಬರಬಾರದು. ನನ್ನ ಹೆಸರು ಬಂದಿತ್ತು. ಎರಡು ತಿಂಗಳು ನಮ್ಮ ಮನೆಗೆ ಹಾಲು ಕೊಡಲಿಲ್ಲ. ನನ್ನದು ಅಷ್ಟಕ್ಕೇ ಮುಗಿಯಿತು, ಬೇರೆಯವರದ್ದು ಮುಗಿಯದಿರಬಹುದು.

ಆ ಹುಡುಗಿಗೆ ಈಗ ಹದಿನೇಳು. ಈ ಸಲ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾಳೆ. ಸಂಜೆ ನಮ್ಮ ಮನೆಗೆ ಮಗು ಎತ್ತಿಕೊಂಡು ಬಂದು ಓದುತ್ತಾಳೆ. ಪದ್ಯ ಇನ್ನೂ ಹಾಗೇ ರಾಗವಾಗಿ ಓದುತ್ತಾಳೆ, ಮಗು ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತದೆ. ಪರೀಕ್ಷಾ ಕೇಂದ್ರ ಹದಿನಾಲ್ಕು ಕಿಲೋಮೀಟರ್ ದೂರ. ಪರೀಕ್ಷೆ ಬೆಳಗ್ಗೆ ಹತ್ತಕ್ಕೆ. ನಮ್ಮೂರಿಗೆ ಮೊದಲ ಬಸ್ಸು ಬರುವುದು ಹತ್ತೂಕಾಲಿಗೆ. ಬಸ್ಸನ್ನು ಎಂಟೂವರೆಗೆ ಬಿಡಿ ಅಂತ ಎರಡು ಸಲ ಅರ್ಜಿ ಕೊಟ್ಟಿದ್ದೇನೆ. ಅದರಲ್ಲಿ ಅವಳ ಜೊತೆ ಇನ್ನೂ ಇಪ್ಪತ್ತಾರು ಹುಡುಗಿಯರ ಸಹಿ ಇದೆ. ಉತ್ತರ ಬಂದಿಲ್ಲ. ನಿಮ್ಮಲ್ಲಿ ಯಾರಾದರೂ ಆ ಅರ್ಜಿಯನ್ನು ಕೈಗೆ ತೆಗೆದುಕೊಂಡರೆ ಮಾರ್ಚ್‌ಗೆ ಮೊದಲು ಆ ಬಸ್ಸು ಬರಬಹುದು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪ್ರೌಢಶಾಲಾ ಶಿಕ್ಷಕಿ